ರೀಜನರೇಷನ್ (1915): ಓವೆನ್ ಒಳ್ಳೆಯವನಾಗಲು ಮೇರಿ ಸಾಯಲೇಬೇಕಿತ್ತಾ?

ಮೂಕಿ_ಮೋಹ
ಹಳೇ ಗ್ಯಾಂಗ್‌ಸ್ಟರ್ ಸಿನಿಮಾ ಹುಚ್ಚಿನವರು ಯಾರಾದರೂ ಇದ್ದೀರಾ? ರಾವೂಲ್ ವಾಲ್ಶ್ ನಿರ್ದೇಶನದ 'ರೀಜನರೇಷನ್' ನೋಡಿದೆ. 1915ರ ಮೂಕಿ, ಒಂದು ಗಂಟೆ ಚಿಲ್ಲರೆ ಇದೆ. ಪೂರ್ಣಾವಧಿಯ ಮೊದಲ ಗ್ಯಾಂಗ್‌ಸ್ಟರ್ ಚಿತ್ರ ಅಂತ ಬಹಳ ಜನ ಇದನ್ನೇ ತೋರಿಸುತ್ತಾರೆ.

ಕತೆ ಇಷ್ಟು. ನ್ಯೂಯಾರ್ಕಿನ ಬಡ ಗಲ್ಲಿಯ ಹುಡುಗ ಓವೆನ್. ಹತ್ತು ವರ್ಷಕ್ಕೆ ತಾಯಿ ಸಾಯುತ್ತಾಳೆ. ಪಕ್ಕದ ಮನೆಯ ಕುಡುಕ ದಂಪತಿ ಸಾಕಿಕೊಳ್ಳುತ್ತಾರೆ, ಸಾಕುವುದು ಅಂದರೆ ಹೊಡೆಯುವುದು. ಬೆಳೆದು ಗ್ಯಾಂಗಿನ ನಾಯಕ ಆಗುತ್ತಾನೆ. ಮೇರಿ ಅನ್ನುವ ಶ್ರೀಮಂತರ ಮನೆ ಹುಡುಗಿ 'ರೌಡಿಗಳು ಹೇಗಿರ್ತಾರೆ ನೋಡೋಣ' ಅಂತ ತಮಾಷೆಗೆ ಆ ಕಡೆ ಬರುತ್ತಾಳೆ, ಅಲ್ಲಿನ ಸ್ಥಿತಿ ನೋಡಿ ಬಡವರ ಸೇವಾಕೇಂದ್ರದಲ್ಲೇ ನಿಂತುಬಿಡುತ್ತಾಳೆ. ಓವೆನ್‌ಗೆ ಓದು ಬರಹ ಕಲಿಸುತ್ತಾಳೆ. ಅವನು ತಿದ್ದಿಕೊಳ್ಳುತ್ತಾನೆ. ಆಮೇಲೆ ಹಳೇ ಸಹಚರ ಸ್ಕಿನ್ನಿಯ ಗುಂಡು ತಗುಲಿ ಮೇರಿ ಸಾಯುತ್ತಾಳೆ.

ಇಡೀ ಚಿತ್ರ ಇಷ್ಟವಾಯಿತು, ಕೊನೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಓವೆನ್ ಅಷ್ಟು ಹೊತ್ತಿಗೆ ಬದಲಾಗಿಯೇ ಇದ್ದ ಅಲ್ವಾ? ಹಾಗಿದ್ದಮೇಲೆ ಅವಳನ್ನು ಯಾಕೆ ಸಾಯಿಸಬೇಕಿತ್ತು?

ಸುಮ್ನೆ_ಬಂದೆ
ಕೊನೆ ಹೇಳ್ತೀನಿ ಅಂತ ಮೊದಲೇ ಒಂದು ಎಚ್ಚರಿಕೆ ಹಾಕಬಾರದಿತ್ತಾ ಗುರೂ?

ಹಳೇ_ರೀಲು
@ಸುಮ್ನೆ_ಬಂದೆ ಸಿನಿಮಾ ಬಂದು ನೂರು ವರ್ಷದ ಮೇಲಾಯಿತು ಸ್ವಾಮಿ, ಇನ್ನೂ ಎಷ್ಟು ದಿನ ಕಾಯೋಣ.

@ಮೂಕಿ_ಮೋಹ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಮೂಲದಲ್ಲೇ ಇದೆ. ಇದು ಪೂರ್ತಿ ಕಟ್ಟುಕತೆ ಅಲ್ಲ. ಓವೆನ್ ಕಿಲ್ಡೇರ್ ಅನ್ನುವ ನಿಜವಾದ ಮನುಷ್ಯನ ಆತ್ಮಕತೆ, 1903ರಲ್ಲಿ ಬಂತು, ಹೆಸರು 'ಮೈ ಮೇಮಿ ರೋಸ್'. ನ್ಯೂಯಾರ್ಕಿನ ಬೌರಿ ಅನ್ನುವ ಬಡ ಬೀದಿಯಲ್ಲಿ ಬೆಳೆದವನು. ಮೂವತ್ತರ ಸುಮಾರಿನವರೆಗೂ ಅವನಿಗೆ ಅಕ್ಷರವೇ ಬರುತ್ತಿರಲಿಲ್ಲ. ಒಬ್ಬ ಶಾಲಾ ಶಿಕ್ಷಕಿ ಪರಿಚಯವಾಗಿ ಕಲಿಸಿದಳು. ಇಬ್ಬರೂ ಮದುವೆ ಆಗಬೇಕು ಅನ್ನುವಷ್ಟರಲ್ಲಿ ಆಕೆ ಕಾಯಿಲೆ ಬಂದು ತೀರಿಕೊಂಡಳು. ಗುಂಡೂ ಇಲ್ಲ, ಸ್ಕಿನ್ನಿಯೂ ಇಲ್ಲ. ಆಮೇಲೆ ಅವನು ಬರಹಗಾರ ಆದ, ಪತ್ರಿಕೆಗಳಿಗೆ ಬೌರಿಯ ಕತೆ ಬರೆದುಕೊಂಡು ಬದುಕಿದ. ಹಾಗಾಗಿ ಸಾವು ವಾಲ್ಶ್ ತಂದು ಹಾಕಿದ್ದಲ್ಲ, ಅವನು ಬದಲಾಯಿಸಿದ್ದು ಸಾಯುವ ರೀತಿ.

ಜಯನಗರದ_ಜಯಾ
ಅದೇ ತಾನೇ ತಕರಾರು! ಕಾಯಿಲೆಯಿಂದ ಸತ್ತರೆ ಅದು ದುಃಖ. ರೌಡಿ ಕೋಣೆಗೆ ಎಳೆದುಕೊಂಡು ಹೋಗಿ, ಅವಳು ಒಳಗೆ ಬಾಗಿಲು ಹಾಕಿಕೊಂಡು, ಅವನು ಆ ಬಾಗಿಲನ್ನು ಗುದ್ದಿ, ಆಮೇಲೆ ಗುಂಡು ಹಾರಿ ಸತ್ತರೆ ಅದು ನೋಡುವವರಿಗೆ ಇಟ್ಟ ಊಟ. ಮೊದಲರ್ಧದಲ್ಲಿ ಮೇರಿ ತಾನೇ ನಿರ್ಧಾರ ಮಾಡುವ ಹೆಂಗಸು. ಮನೆಯವರು ಬೇಡ ಅಂದರೂ ಸೇವಾಕೇಂದ್ರಕ್ಕೆ ಸೇರುತ್ತಾಳೆ. ಕುಡುಕ ಗಂಡನ ಕೈಯಿಂದ ಮಗುವನ್ನು ತಂದುಕೊಡಿ ಅಂತ ಒಬ್ಬ ತಾಯಿ ಬಂದಾಗ ಓವೆನ್‌ನಂಥ ರೌಡಿಯನ್ನೇ ಆ ಕೆಲಸಕ್ಕೆ ಹಚ್ಚುತ್ತಾಳೆ. ಎಂಥ ಧೈರ್ಯ, ಎಂಥ ಜಾಣತನ. ದ್ವಿತೀಯಾರ್ಧಕ್ಕೆ ಬಂದರೆ ಬರೀ ಚೀರುವುದು, ಸಾಯುವುದು. ಗಂಡಸಿನ ಮನಸ್ಸು ಶುದ್ಧ ಆಗೋಕೆ ಒಂದು ಹೆಣ ಬೇಕು ಅನ್ನುವ ಹಳೇ ಚಾಳಿ ಇದು.

ಕಡಲತೀರದ_ಭಟ್ರು
ಜಯಾ ಅವರೇ, ಸ್ವಲ್ಪ ಜಾಸ್ತಿ ಕಟುವಾಯಿತು. 1915ರಲ್ಲಿ ಇಷ್ಟು ಮಾಡಿದ್ದೇ ದೊಡ್ಡದು ಮಾರಾಯ್ರೇ. ನಿರ್ದೇಶಕನಿಗೆ ಆಗ ವಯಸ್ಸು 28.

ಮೊದಲ ಹತ್ತು ನಿಮಿಷ ಇನ್ನೊಮ್ಮೆ ನೋಡಿ. ಆ ಹುಡುಗ ಕಿಟಕಿಯಿಂದ ಬಗ್ಗಿ ನೋಡುತ್ತಾನೆ, ಕೆಳಗೆ ಬೀದಿಯಲ್ಲಿ ಅಮ್ಮನ ಶವದ ಗಾಡಿ. ಅಳು ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಆ ಕಾಲದ ನಟನೆ ಅಂದರೆ ಕೈಕಾಲು ಬೀಸಿ ಕಣ್ಣು ಹೊರಳಿಸುವುದು ಅಂದುಕೊಂಡವರಿಗೆ ಇದನ್ನು ತೋರಿಸಬೇಕು. ದೊಡ್ಡ ಓವೆನ್ ಆಗಿ ಮಾಡಿದ ರಾಕ್ಲಿಫ್ ಫೆಲೋಸ್ ಕೂಡ ಹಾಗೆಯೇ. ಜೇಬಲ್ಲಿ ಕೈ ಇಟ್ಟುಕೊಂಡು ಸುಮ್ನೆ ನಿಂತಿರುತ್ತಾನೆ, ಅಷ್ಟಕ್ಕೇ ಇವನೇ ನಾಯಕ ಅಂತ ಗೊತ್ತಾಗುತ್ತದೆ.

ಇನ್ನು ಆ ಮುಖಗಳು! ಹೆಂಡದಂಗಡಿಯ ದೃಶ್ಯದಲ್ಲಿ ಊದಿ ಗೆಡ್ಡೆಯಾದ ಮೂಗಿನ ಒಬ್ಬ ಮುದುಕ ಬರುತ್ತಾನೆ. ಅದು ಮೇಕಪ್ ಅಲ್ಲ. ವಾಲ್ಶ್ ನ್ಯೂಯಾರ್ಕಿನ ಬಡ ಬೀದಿಗಳಲ್ಲೇ ಚಿತ್ರೀಕರಣ ಮಾಡಿ, ಅಲ್ಲಿನ ಜನರನ್ನೇ ಕರೆತಂದು ನಿಲ್ಲಿಸಿದ.

ಜಯನಗರದ_ಜಯಾ
ಮೂಗು ಚೆನ್ನಾಗಿ ತೋರಿಸಿದ್ದಾರೆ ಅಂತ ಮೇರಿ ಸಾವನ್ನು ಒಪ್ಪಿಕೊಳ್ಳಬೇಕಾ ಭಟ್ರೇ 😄

ಕಡಲತೀರದ_ಭಟ್ರು
ಒಪ್ಪಬೇಡಿ, ಆದರೆ ಮೂಗನ್ನಾದರೂ ಒಪ್ಪಿ.

ನ್ಯೂಜೆರ್ಸಿ_ನಂಜುಂಡ
ಈ ಸಿನಿಮಾ ಇವತ್ತು ನಮಗೆ ಸಿಕ್ಕಿರುವುದೇ ಒಂದು ಅದೃಷ್ಟ. ಫಾಕ್ಸ್ ಕಂಪನಿಯ ಚಿತ್ರ ಇದು. ನಾನಿರುವ ಕಡೆಯಿಂದ ಹತ್ತಿರದಲ್ಲೇ ಲಿಟಲ್ ಫೆರ್ರಿ ಅನ್ನುವ ಊರಿದೆ. ಫಾಕ್ಸ್‌ನವರ ಹಳೇ ರೀಲುಗಳ ಗೋದಾಮು ಅಲ್ಲಿತ್ತು. 1937ರ ಜುಲೈ 9ರಂದು, ಕೆಟ್ಟ ಸೆಕೆಯ ದಿನಗಳಲ್ಲಿ, ಬೆಂಕಿ ಬಿದ್ದು ಎಲ್ಲಾ ಹೋಯಿತು. ಆಗಿನ ರೀಲು ನೈಟ್ರೇಟ್ ಅನ್ನುವ, ಬೇಗ ಹೊತ್ತಿಕೊಳ್ಳುವ ವಸ್ತುವಿನದ್ದು. ಹಳೆಯದಾದಷ್ಟೂ ಹದಗೆಟ್ಟು ಶಾಖ ಬಿಡುತ್ತದೆ. ಗಾಳಿ ಆಡದ ಕೋಣೆಯಲ್ಲಿ ತುಂಬಿಟ್ಟರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹತ್ತಿದ ಮೇಲೆ ನೀರು ಹಾಕಿದರೂ ಆರಲ್ಲ, ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಫಾಕ್ಸ್‌ನ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಆ ಒಂದು ದಿನ ಬೂದಿಯಾದವು.

'ರೀಜನರೇಷನ್' ಕೂಡ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1976ರಲ್ಲಿ ಡೇವಿಡ್ ಶೆಪರ್ಡ್ ಅನ್ನುವ ಸಂರಕ್ಷಕನಿಗೆ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿ, ಕೆಡವಬೇಕಿದ್ದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಸಿಕ್ಕಿತು. 2000ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ, ಅಂದರೆ ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ, ಸೇರಿಸಿದರು.

ಸುಮ್ನೆ_ಬಂದೆ
ಅದಕ್ಕೇನಾ ಅಲ್ಲಲ್ಲಿ ಪರದೆ ಮೇಲೆ ಬಿಳಿ ಬಿಳಿ ಗುಳ್ಳೆ ಬಂದ ಹಾಗೆ ಕಾಣೋದು? ನನ್ನ ಫೋನ್ ಕೆಟ್ಟಿತು ಅಂತ ಗಾಬರಿಯಾಗಿತ್ತು.

ನ್ಯೂಜೆರ್ಸಿ_ನಂಜುಂಡ
ಹೌದು, ನೈಟ್ರೇಟ್ ಕೊಳೆತ ಗುರುತು. ಕೆಲವು ಕಡೆ ಮುಖದ ಅರ್ಧವನ್ನೇ ತಿಂದುಹಾಕಿದೆ. ಫೋನ್ ಮೇಲೆ ಅನುಮಾನ ಬೇಡ.

ಪೇಟೆ_ಪ್ರಾಣೇಶ
ಹಡಗಿನ ಬೆಂಕಿ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ! ಸೇವಾಕೇಂದ್ರದವರು ಬಡ ಕುಟುಂಬಗಳನ್ನೆಲ್ಲ ಹಡಗಿನಲ್ಲಿ ಪಿಕ್ನಿಕ್ ಕರೆದುಕೊಂಡು ಹೋಗುತ್ತಾರೆ, ಸ್ಕಿನ್ನಿ ಸೇದಿದ ಸಿಗರೇಟು ಹಗ್ಗದ ರಾಶಿ ಮೇಲೆ ಬಿಸಾಕುತ್ತಾನೆ, ಹೊತ್ತಿಕೊಳ್ಳುತ್ತದೆ. ನೂರಾರು ಜನ ನಿಜವಾಗಿ ನೀರಿಗೆ ಹಾರುತ್ತಾರೆ. ಗ್ರಾಫಿಕ್ಸ್ ಇಲ್ಲ.

ವಾಲ್ಶ್ ಮುದುಕನಾದ ಮೇಲೆ ಹೇಳುತ್ತಿದ್ದ ಕತೆ ಇನ್ನೂ ಚೆನ್ನಾಗಿದೆ. ಹಡ್ಸನ್ ನದಿಯಲ್ಲಿ ಇದನ್ನು ತೆಗೆಯುವಾಗ ಹೊಗೆ ನೋಡಿ ನಿಜವಾದ ಬೆಂಕಿ ಅಂತ ಅಗ್ನಿಶಾಮಕ ದೋಣಿ, ಪೊಲೀಸ್ ದೋಣಿ ಎಲ್ಲಾ ಓಡಿಬಂದವಂತೆ. ಇವನನ್ನೇ ಹಿಡಿದುಕೊಂಡು ಹೋದರಂತೆ. ಮಾಲೀಕ ವಿಲಿಯಂ ಫಾಕ್ಸ್‌ಗೆ ಪುಕ್ಕಟೆ ಪ್ರಚಾರ ಸಿಕ್ಕಿತು ಅಂತ ಖುಷಿಯೋ ಖುಷಿ. ಇನ್ನೊಂದು: ಹೆಂಗಸರ ಉಡುಪು ಹಾಕಿಕೊಂಡು ಹಾರಿದ ಗಂಡಸರ ಲಂಗ ಗಾಳಿಗೆ ಮೇಲಕ್ಕೆ ಹೋಗಿ, ಒಳಗೆ ಏನೂ ಇಲ್ಲದ್ದು ಕ್ಯಾಮೆರಾದಲ್ಲಿ ಬಿತ್ತಂತೆ! ಆಮೇಲೆ ಲ್ಯಾಬಿನಲ್ಲಿ ರೀಲಿನ ಒಂದೊಂದೇ ಚೌಕದ (ಫ್ರೇಮ್) ಮೇಲೆ ಚಡ್ಡಿ ಬರೆಸಿದರಂತೆ.

ಹಳೇ_ರೀಲು
ಈ 'ಅಂತೆ'ಗಳನ್ನು ಪೂರ್ತಿ ನುಂಗಬೇಡಿ. ವಾಲ್ಶ್ ಬಾಯಲ್ಲಿ ಯಾವ ಕತೆಯೂ ಚಿಕ್ಕದಾಗಿ ಹೊರಬಿದ್ದಿದ್ದಿಲ್ಲ. ಸಿನಿಮಾ ಜಗತ್ತಿನ ಪಕ್ಕಾ ಹರಟೆಮಲ್ಲ. ಅವನ ಬದುಕೂ ಹಾಗೆಯೇ ಇತ್ತು ಬಿಡಿ. 1928ರಲ್ಲಿ ಒಂದು ಶೂಟಿಂಗ್ ಸಮಯದಲ್ಲಿ ರಾತ್ರಿ ಗಾಡಿಯ ಗಾಜಿಗೆ ಮೊಲ ಬಂದು ಬಡಿದು, ಗಾಜು ಒಡೆದು ಬಲಗಣ್ಣು ಹೋಯಿತು. ಅದು ಮಾತ್ರ ನಿಜ. ಆಮೇಲೆ ಜೀವನವಿಡೀ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ 'ಹೈ ಸಿಯೆರಾ', 'ವೈಟ್ ಹೀಟ್' ಎಲ್ಲಾ ಮಾಡಿದ.

ಪೇಟೆ_ಪ್ರಾಣೇಶ
ಚಡ್ಡಿ ಕತೆ ಸುಳ್ಳಾದರೂ ನಾನು ನಂಬುತ್ತೇನೆ.

ನ್ಯೂಜೆರ್ಸಿ_ನಂಜುಂಡ
ಹಡಗಿನ ದೃಶ್ಯಕ್ಕೆ ಇನ್ನೊಂದು ಮುಖ ಇದೆ. 1904ರ ಜೂನ್ 15ರಂದು ಜನರಲ್ ಸ್ಲೋಕಮ್ ಅನ್ನುವ ಹಡಗು ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ ಸುಟ್ಟುಹೋಯಿತು. ಅದೂ ಪಿಕ್ನಿಕ್. ಒಂದು ಚರ್ಚಿನ ಜರ್ಮನ್ ಕುಟುಂಬಗಳು, ಹೆಚ್ಚಿನವರು ಹೆಂಗಸರು ಮಕ್ಕಳು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲೈಫ್ ಜಾಕೆಟ್‌ಗಳು ಕೊಳೆತು ಪುಡಿಯಾಗಿದ್ದವು, ನೀರಿನ ಪೈಪುಗಳು ಒಡೆದುಹೋದವು. ಸತ್ತವರು ಯಾವ ಕಡೆಯವರು ಗೊತ್ತಾ? ಈ ಸಿನಿಮಾದ ಬಡ ಬೀದಿಗಳಿರುವ ಲೋವರ್ ಈಸ್ಟ್ ಸೈಡಿನವರು. ಹನ್ನೊಂದು ವರ್ಷದ ಮೇಲೆ ಅದೇ ಊರಿನ ಜನ ಥಿಯೇಟರಲ್ಲಿ ಕೂತು ಈ ದೃಶ್ಯ ನೋಡಿದ್ದಾರೆ. ನಮಗೆ ಅದು ಸಾಹಸ. ಅವರಲ್ಲಿ ಎಷ್ಟೋ ಜನಕ್ಕೆ ಮನೆ ಸಾವು.

ಮೂಕಿ_ಮೋಹ
ಇದು ಗೊತ್ತಿರಲಿಲ್ಲ. ಈಗ ಅದನ್ನು ಬೇರೆ ಕಣ್ಣಿನಿಂದ ನೋಡಬೇಕು. ಥ್ಯಾಂಕ್ಸ್ ನಂಜುಂಡ ಸಾರ್.

ಜಯನಗರದ_ಜಯಾ
ಇಷ್ಟಾದರೂ ಮೂಲ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಶಾಲೆ_ಮೇಷ್ಟ್ರು
ನಾನು ಕೊಡುತ್ತೇನೆ ಮೇಡಂ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕೆಟ್ಟವನು ಒಳ್ಳೆಯವನಾಗುವ ಕತೆ ನಮಗೆ ಹೊಸದೇನಲ್ಲ. ಬೇಡ ವಾಲ್ಮೀಕಿ ಆದ. ಅಂಗುಲಿಮಾಲ ಬುದ್ಧನ ಹಿಂದೆ ಹೋದ, ಆಮೇಲೆ ಭಿಕ್ಷೆಗೆ ಹೋದಾಗ ಜನ ಕಲ್ಲು ಹೊಡೆದರು, ಸಹಿಸಿಕೊಂಡ. ಈ ಎರಡರಲ್ಲೂ ಬದಲಾದವನೇ ಕಷ್ಟ ತಿನ್ನುತ್ತಾನೆ. ಪುಣ್ಯಕೋಟಿಯ ಹುಲಿಯನ್ನೇ ತೆಗೆದುಕೊಳ್ಳಿ. ಹಸು ಬದುಕಿತು, ಕರು ಬದುಕಿತು, ಬೆಟ್ಟದ ಮೇಲಿಂದ ಹಾರಿದ್ದು ಹುಲಿ. 'ರೀಜನರೇಷನ್'ನಲ್ಲಿ ಲೆಕ್ಕ ತಲೆಕೆಳಗಾಗಿದೆ. ತಪ್ಪು ಮಾಡಿದವನು ಓವೆನ್, ಬೆಲೆ ಕಟ್ಟಿದ್ದು ಮೇರಿ. ಸ್ಕಿನ್ನಿ ಪೊಲೀಸನಿಗೆ ಚೂರಿ ಹಾಕಿ ಓಡಿಬಂದಾಗ ಹಳೇ ಋಣಕ್ಕೆ ಬಿದ್ದು ಅವನನ್ನು ಸೇವಾಕೇಂದ್ರದಲ್ಲೇ ಬಚ್ಚಿಟ್ಟವನು ಓವೆನ್ ತಾನೇ? ಅಲ್ಲಿಂದ ತಾನೇ ಅನಾಹುತ ಶುರು? ಅವನು ಬದಲಾಗಿಯೇ ಇದ್ದ ಅಂತ ಮೂಕಿ_ಮೋಹ ಬರೆದಿದ್ದಾರೆ. ನನ್ನ ಪ್ರಕಾರ ಅರ್ಧ ಬದಲಾಗಿದ್ದ. ಓದು ಕಲಿತಿದ್ದ, ಗ್ಯಾಂಗು ಬಿಟ್ಟಿದ್ದ, ಗ್ಯಾಂಗಿನ ನಿಯತ್ತು ಬಿಟ್ಟಿರಲಿಲ್ಲ. ಆ ಉಳಿದರ್ಧಕ್ಕೆ ಬಿದ್ದ ದಂಡ ಮೇರಿಯ ಜೀವ. ಅನ್ಯಾಯ, ಆದರೆ ಕತೆಯ ಒಳಗಿನ ಲೆಕ್ಕ ಅದು.

ಜಯನಗರದ_ಜಯಾ
ಅರ್ಧ ಬದಲಾವಣೆ ಅನ್ನುವ ಮಾತು ಒಪ್ಪಿದೆ. ದಂಡವನ್ನು ಅವಳ ಖಾತೆಗೆ ಹಾಕಿದ್ದು ಒಪ್ಪಲ್ಲ.

ಹಳೇ_ರೀಲು
ಮೇಷ್ಟ್ರೇ, ಕೊನೆಯ ಐದು ನಿಮಿಷ ಬಿಟ್ಟುಬಿಟ್ಟಿರಿ. ಓವೆನ್ ಸ್ಕಿನ್ನಿಯ ಕುತ್ತಿಗೆ ಹಿಡಿದಿರುತ್ತಾನೆ, ಇನ್ನೇನು ಮುಗಿಸಬೇಕು, ಆಗ ಮೇರಿ ಕಣ್ಣಮುಂದೆ ಬರುತ್ತಾಳೆ, ಸೇಡು ಬೇಡ ಅಂತ ಅವಳು ಹೇಳಿದ್ದು ನೆನಪಾಗಿ ಬಿಟ್ಟುಬಿಡುತ್ತಾನೆ. ಅಲ್ಲಿಗೆ ಮುಗಿದಿದ್ದರೆ ನೀವು ಹೇಳಿದ್ದು ಸರಿ. ಆದರೆ ಸ್ಕಿನ್ನಿ ಕಿಟಕಿಯಿಂದ ಹೊರಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತುಬಿದ್ದು, ಕೈಗೆ ಕೈ ಬದಲಿಸುತ್ತಾ ಎದುರು ಕಟ್ಟಡಕ್ಕೆ ದಾಟಲು ನೋಡುತ್ತಾನೆ. ಆಗ ಓವೆನ್‌ನ ಗೂನುಬೆನ್ನಿನ ಗೆಳೆಯ ಕೆಳಗಿಂದ ಗುಂಡು ಹಾರಿಸಿ ಬೀಳಿಸುತ್ತಾನೆ. ಅಂದರೆ ನಾಯಕನ ಕೈ ತೊಳೆದಿಟ್ಟ ಹಾಗೇ ಇರಬೇಕು, ಸೇಡೂ ತೀರಬೇಕು. ಎರಡೂ ಕಡೆ ಲಾಭ. ಇದು ಕ್ಷಮೆಯಾ? ಕ್ಷಮೆಯ ಗುತ್ತಿಗೆ ಒಬ್ಬನಿಗೆ, ಕೊಲೆಯ ಗುತ್ತಿಗೆ ಇನ್ನೊಬ್ಬನಿಗೆ.

ಪೇಟೆ_ಪ್ರಾಣೇಶ
ಆಹಾ, ಈ ಫಾರ್ಮುಲಾ ಇವತ್ತಿಗೂ ಓಡುತ್ತಾ ಇದೆ. ಹೀರೋ ಕ್ಷಮಿಸಿ ತಿರುಗಿ ಹೊರಡುತ್ತಾನೆ, ವಿಲನ್ ಹಿಂದಿನಿಂದ ಎದ್ದು ಬರುತ್ತಾನೆ, ಇನ್ಯಾರೋ ಮುಗಿಸುತ್ತಾರೆ.

ಸಂಸ್ಕೃತ_ಬಿಎ
ಮಾತು ಎಲ್ಲಿಗೋ ಹೋಗುತ್ತದೆ ಅಂತ ಬೈಯಬೇಡಿ, ಇಲ್ಲಿಗೆ ಸರಿಯಾಗಿ ಕೂರುವ ಇನ್ನೊಂದು ಕತೆ ಇದೆ: ಶೂದ್ರಕನ ಹಳೇ ಸಂಸ್ಕೃತ ನಾಟಕ ಮೃಚ್ಛಕಟಿಕ. ಅಲ್ಲಿ ಶರ್ವಿಲಕ ಅಂತ ಒಬ್ಬ ಕಳ್ಳ. ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಹಣ ಬೇಕು, ಅದಕ್ಕೆ ನಾಟಕದ ನಾಯಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಗೋಡೆ ಮುಂದೆ ನಿಂತು ಯಾವ ಆಕಾರದ ಕನ್ನ ಕೊರೆದರೆ ಊರವರು ಮೆಚ್ಚುತ್ತಾರೆ ಅಂತ ಯೋಚನೆ ಮಾಡುತ್ತಾನೆ! ಅಳತೆ ದಾರ ಮರೆತು ಬಂದಿರುತ್ತಾನೆ, ಜನಿವಾರದಲ್ಲೇ ಗೋಡೆ ಅಳೆಯುತ್ತಾನೆ. ಕದ್ದ ಒಡವೆ ತಂದುಕೊಟ್ಟರೆ ಮದನಿಕೆ ಬೈಯುತ್ತಾಳೆ, ಇದು ನಮ್ಮ ಯಜಮಾನಿಯದೇ, ವಾಪಸು ಕೊಡು ಅಂತ. ಅವನು ಅಲ್ಲಿಂದಲೇ ತಿರುಗುವುದು. ಮುಂದೆ ಸೆರೆಯಲ್ಲಿದ್ದ ಗೆಳೆಯ ಆರ್ಯಕನನ್ನು ಬಿಡಿಸಲು ಹೋಗುತ್ತಾನೆ.

ಅಲ್ಲೂ ಹೆಣ್ಣೇ ತಿದ್ದುವುದು, ಆದರೆ ಅವಳು ಸಾಯಬೇಕಾಗಿಲ್ಲ. ಆ ಯಜಮಾನಿ, ನಾಟಕದ ನಾಯಕಿ ವಸಂತಸೇನೆಯ ಕುತ್ತಿಗೆ ಹಿಸುಕಿ ಸತ್ತಳು ಅಂತ ಖಳನಾಯಕ ಶಕಾರ ಬಿಟ್ಟುಹೋಗುತ್ತಾನೆ, ಅವಳೂ ಬದುಕುತ್ತಾಳೆ. ಕೊನೆಗೆ ಜನ ಶಕಾರನನ್ನು ಕೊಲ್ಲಿ ಅಂತ ಕೂಗುವಾಗ ಚಾರುದತ್ತ ಅವನನ್ನು ಬಿಟ್ಟುಬಿಡಿ ಅನ್ನುತ್ತಾನೆ, ಬಿಟ್ಟೂ ಬಿಡುತ್ತಾರೆ. ಕಿಟಕಿ, ಹಗ್ಗ, ಗುಂಡು ಏನೂ ಬೇಕಾಗಲಿಲ್ಲ.

ಜಯನಗರದ_ಜಯಾ
@ಸಂಸ್ಕೃತ_ಬಿಎ ಇದು ಉತ್ತರ ಅಂದರೆ! ಬದುಕಿರುವ ಹೆಂಗಸಿನಿಂದಲೂ ಕಳ್ಳ ತಿದ್ದಿಕೊಳ್ಳಬಹುದು.

ಕಡಲತೀರದ_ಭಟ್ರು
ಅದು ಹಾಸ್ಯ ಬೆರೆತ, 'ಪ್ರಕರಣ' ಅನ್ನುವ ಬಗೆಯ ನಾಟಕ ಮಾರಾಯ್ರೇ, ಸುಖಾಂತ ಇರಲೇಬೇಕು. ಇದು ಕಣ್ಣೀರಿನ ಮೆಲೋಡ್ರಾಮ. ಹೋಲಿಕೆ ಮಾಡುವುದು ಎಷ್ಟು ಸರಿ?

ಸಂಸ್ಕೃತ_ಬಿಎ
ಸುಖಾಂತ ಮಾಡಬೇಕು ಅಂತ ಶೂದ್ರಕ ಶಕಾರನನ್ನು ಉಳಿಸಬೇಕಾಗಿರಲಿಲ್ಲ ಭಟ್ರೇ. ಕೊಂದಿದ್ದರೂ ಸಭೆ ಚಪ್ಪಾಳೆ ಹೊಡೆಯುತ್ತಿತ್ತು.

ಅಂದಹಾಗೆ ಈ ನಾಟಕ ಮೂಕಿ ಸಿನಿಮಾ ಕೂಡ ಆಗಿತ್ತು. 1930ರ ಸುಮಾರಿಗೆ, ಮೋಹನ್ ಭವನಾನಿ ನಿರ್ದೇಶನ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಟಿ.ಪಿ. ಕೈಲಾಸಂ ಎಲ್ಲಾ ಅದರಲ್ಲಿದ್ದರು.

ಸುಮ್ನೆ_ಬಂದೆ
ಕೈಲಾಸಂ ಮೂಕಿ ಸಿನಿಮಾದಲ್ಲಾ? ಆ ಮನುಷ್ಯನ ಬಾಯಿ ಮುಚ್ಚಿಸಿ ನಟನೆ ಮಾಡಿಸಿದರಾ? 😂

ನ್ಯೂಜೆರ್ಸಿ_ನಂಜುಂಡ
ನಮ್ಮ ಮೂಕಿಗಳ ಕತೆ ಕೇಳಿದರೆ ಲಿಟಲ್ ಫೆರ್ರಿ ಬೆಂಕಿಯೇ ವಾಸಿ ಅನಿಸುತ್ತದೆ. ಭಾರತದಲ್ಲಿ 1300ಕ್ಕೂ ಹೆಚ್ಚು ಮೂಕಿ ಚಿತ್ರಗಳಾದವು, ಉಳಿದಿರುವುದು ತೀರಾ ಕಡಿಮೆ. ಅದರಲ್ಲೂ ಕೆಲವು ಬರೀ ತುಂಡುಗಳು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರದ್ದು, ಅದರ ಪ್ರತಿಯೇ ಇಲ್ಲ. ರೀಲಿನಲ್ಲಿದ್ದ ಬೆಳ್ಳಿ ತೆಗೆದುಕೊಳ್ಳಲು ಎಷ್ಟೋ ಸಿನಿಮಾಗಳನ್ನು ತೊಳೆದುಹಾಕಿದರು.

ಅಮೆರಿಕದವರೂ ಸಾಧುಗಳೇನಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿಸಿತು. 1912ರಿಂದ 1929ರವರೆಗಿನ ಸುಮಾರು 11,000 ಪೂರ್ಣಾವಧಿ ಮೂಕಿಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿದ್ದು ಶೇಕಡಾ 14 ಮಾತ್ರ. ಅವರ ಹತ್ತಿರ ಲೆಕ್ಕವಾದರೂ ಇದೆ, ಅಷ್ಟೇ ವ್ಯತ್ಯಾಸ.

ಶಾಲೆ_ಮೇಷ್ಟ್ರು
ಪುಣೆಯ ಫಿಲ್ಮ್ ಆರ್ಕೈವ್‌ಗೆ ಹಳೇ ಸಿನಿಮಾಗಳನ್ನು ಹುಡುಕಿ ಕೂಡಿಟ್ಟ ಪಿ.ಕೆ. ನಾಯರ್ ಒಬ್ಬರು ಇರದಿದ್ದರೆ ಈ ತುಂಡುಗಳೂ ಇರುತ್ತಿರಲಿಲ್ಲ.

ಪೇಟೆ_ಪ್ರಾಣೇಶ
ಸರಿ, ಇನ್ನೊಮ್ಮೆ ನೋಡೋಣ ಅಂತ ಸಿನಿಮಾ ಹಾಕಿದೆ. ಎಲ್ಲರೂ ಇರುವೆ ಕಚ್ಚಿದ ಹಾಗೆ ಓಡಾಡುತ್ತಾರಲ್ಲ? ಸ್ಪೀಡು ಕಮ್ಮಿ ಮಾಡಬಹುದಾ?

ಹಳೇ_ರೀಲು
ಮಾಡಲೇಬೇಕು. ಆಗ ಕ್ಯಾಮೆರಾ ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಚೌಕ. ಟಾಕಿ ಬಂದ ಮೇಲೆ 24 ಆಯಿತು. ಹಳೆಯದನ್ನು ಹೊಸ ವೇಗದಲ್ಲಿ ಓಡಿಸಿದರೆ ಎಲ್ಲರೂ ಚಾಪ್ಲಿನ್ ಆಗುತ್ತಾರೆ. ಪ್ಲೇಯರಿನಲ್ಲಿ 0.75 ಇಟ್ಟು ನೋಡಿ, ಓವೆನ್ ಮನುಷ್ಯನ ಹಾಗೆ ನಡೆಯುತ್ತಾನೆ. ಯಾರೋ ಸಂಗೀತ ಸೇರಿಸಿದ್ದರೆ ಅದನ್ನು ಬಂದ್ ಮಾಡಿ, ಇಲ್ಲದಿದ್ದರೆ ಪಿಯಾನೋ ಅಳೋಕೆ ಶುರುಮಾಡುತ್ತದೆ.

ಕಡಲತೀರದ_ಭಟ್ರು
ಮೂಕಿಯನ್ನು ಸಂಗೀತ ಇಲ್ಲದೆ ನೋಡಿ ಅನ್ನುವುದು ಯಾವ ಸೀಮೆ ಸಲಹೆ? ಆಗ ಥಿಯೇಟರಲ್ಲಿ ಪಿಯಾನೋದವನಾದರೂ ಇರುತ್ತಿದ್ದ.

ಹಳೇ_ರೀಲು
ನಿಮ್ಮ ಮನೆಗೆ ಪಿಯಾನೋದವನು ಬಂದರೆ ಕರೆಯಿರಿ, ನಾನೂ ಬರುತ್ತೇನೆ.

ಮೂಕಿ_ಮೋಹ
ಎಲ್ಲರ ಮಾತು ಓದಿದೆ. ಮೇಷ್ಟ್ರು ಹೇಳಿದ 'ಅರ್ಧ ಬದಲಾವಣೆ' ನನಗೆ ಹೊಳೆದಿರಲಿಲ್ಲ, ಆದರೆ ಜಯಾ ಅವರ ಪಕ್ಷದಲ್ಲೇ ನಿಲ್ಲುತ್ತೇನೆ. ಒಂದು ಸಣ್ಣ ಪ್ರಶ್ನೆ ಉಳಿಯಿತು. ನಿಜವಾದ ಓವೆನ್ ಕಿಲ್ಡೇರ್ ಈ ಸಿನಿಮಾ ನೋಡಿದನಾ?

ಹಳೇ_ರೀಲು
ಇಲ್ಲ. 1911ರಲ್ಲೇ ತೀರಿಕೊಂಡ. ಅದಕ್ಕೂ ಮೊದಲು, 1908ರಲ್ಲಿ, ಅವನ ಪುಸ್ತಕ ನಾಟಕವಾಗಿ ರಂಗಕ್ಕೆ ಬಂತು. ತನ್ನ ಕತೆಯನ್ನು ಅಲ್ಲಿ ಮಾಡಿದ ರೀತಿ ನೋಡಿ ತುಂಬಾ ನೊಂದುಕೊಂಡ, ಮನಸ್ಸಿನ ಆರೋಗ್ಯ ಕೆಟ್ಟಿತು, ಮಾನಸಿಕ ಆಸ್ಪತ್ರೆಯಲ್ಲೇ ಸತ್ತ.

ಜಯನಗರದ_ಜಯಾ
ಅಂದರೆ ಅವನ ಬದುಕನ್ನು ಮೆಲೋಡ್ರಾಮ ಮಾಡುವ ಕೆಲಸ ವಾಲ್ಶ್‌ಗಿಂತ ಮೊದಲೇ ಶುರುವಾಗಿತ್ತು. ಭಟ್ರೇ, ಈಗಲೂ 'ಕಟುವಾಯಿತು' ಅಂತೀರಾ?

ಕಡಲತೀರದ_ಭಟ್ರು
ನಾಟಕದವರಿಗೆ ಬೈಯಿರಿ, ನಾನೂ ಸೇರುತ್ತೇನೆ. ವಾಲ್ಶ್‌ನನ್ನು ಬಿಟ್ಟುಕೊಡಲ್ಲ. ಮೇರಿ ಪಾತ್ರದ ಆನಾ ಕ್ಯೂ. ನಿಲ್ಸನ್‌ಳನ್ನು 1950ರ 'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ನೋಡಿದ್ದೀರಾ? ಮೂಕಿ ಕಾಲದ ಹಳಬರು ಇಸ್ಪೀಟು ಆಡುತ್ತಾ ಕೂತಿರುವ ದೃಶ್ಯ, ಬಸ್ಟರ್ ಕೀಟನ್ ಜೊತೆ ಕೂತಿದ್ದಾಳೆ.

ಸುಮ್ನೆ_ಬಂದೆ
ಈಗ ನೋಡಿ ಮುಗಿಸಿದೆ, 0.75ರಲ್ಲಿ. ನನಗೆ ಓವೆನ್‌ಗಿಂತ ಸ್ಕಿನ್ನಿಯೇ ಇಷ್ಟವಾದ. ಅವನೂ ಅದೇ ಗಲ್ಲಿಯವನು ತಾನೇ, ಅವನಿಗೆ ಓದು ಕಲಿಸೋಕೆ ಯಾರೂ ಬರಲಿಲ್ಲ.

ಹಳೇ_ರೀಲು
ಸೇವಾಕೇಂದ್ರದ ಬಾಗಿಲು ಅವನಿಗೂ ತೆರೆದೇ ಇತ್ತಲ್ಲ. ಹಡಗಿಗೂ ಹತ್ತಿದ. ಹತ್ತಿ ಏನು ಮಾಡಿದ, ನೋಡಿದಿರಲ್ಲ.